ಹೆಬ್ಬಾಳ ಎರಡು, ಅಂಗಡಿ ಒಂದು

“ಕುವೆಂಪುನಗರದಲ್ಲಿ ಸಂಪ್ ಕ್ಲೀನಿಂಗ್ ಹುಡುಕುತ್ತಿದ್ದೀರಾ? ಕುವೆಂಪುನಗರದ ಅತ್ಯುತ್ತಮ ಸಂಪ್ ಕ್ಲೀನಿಂಗ್ ಸೇವೆ ನಮ್ಮದು. ಕುವೆಂಪುನಗರದಲ್ಲಿ ಕಡಿಮೆ ದರದ ಸಂಪ್ ಕ್ಲೀನಿಂಗ್ ಬೇಕಿದ್ದರೆ ಕುವೆಂಪುನಗರದ ನಂಬರ್ ಒನ್ ಸಂಪ್ ಕ್ಲೀನಿಂಗ್ ತಂಡಕ್ಕೆ ಇಂದೇ ಕರೆ ಮಾಡಿ.”

ನಮ್ಮ ಅಂಗಡಿಯ ವೆಬ್‌ಸೈಟಿನಲ್ಲಿ ಒಂದು ಕಾಲಕ್ಕೆ ಇದ್ದದ್ದು ಇಂಥ ಬರಹ. ಮುಂದಿನ ಪುಟಕ್ಕೆ ಹೋದರೆ ಕುವೆಂಪುನಗರ ಇದ್ದ ಕಡೆಯೆಲ್ಲ ಸರಸ್ವತೀಪುರಂ ಬಂದು ಕೂತಿರುತ್ತಿತ್ತು, ಮಿಕ್ಕಿದ್ದೆಲ್ಲ ಹಾಗೇ. ಅದರ ಮುಂದಿನದು ದಟ್ಟಗಳ್ಳಿ, ಆಮೇಲೆ ಬೋಗಾದಿ, ರಾಮಕೃಷ್ಣನಗರ, ಒಂಟಿಕೊಪ್ಪಲು, ಗೋಕುಲಂ. ಮೈಸೂರಿನ ಬಡಾವಣೆಗಳು ಮುಗಿದ ಮೇಲೆ ನಂಜನಗೂಡು, ಶ್ರೀರಂಗಪಟ್ಟಣ, ಹುಣಸೂರು. ಬರೆದವರು ನಕ್ಷೆಯಲ್ಲಿ ಕಂಡ ಹೆಸರನ್ನೆಲ್ಲ ಬಾಚಿಕೊಂಡಿದ್ದಾರೆ ಅನ್ನುವುದು ಖಾತ್ರಿಯಾದದ್ದು “ಕುಕ್ಕರಹಳ್ಳಿ ಕೆರೆಯಲ್ಲಿ ಉತ್ತಮ ವಾಟರ್ ಟ್ಯಾಂಕ್ ಕ್ಲೀನಿಂಗ್” ಎಂಬ ಪುಟ ಸಿಕ್ಕಿದಾಗ. ಆ ಕೆರೆಯಲ್ಲಿ ವಾಸ ಇರುವುದು ಹೆಜ್ಜಾರ್ಲೆಗಳು.

ಮೈಸೂರಿನ ಅಗ್ರಹಾರದ ಹತ್ತಿರ ನಮ್ಮ ಅಂಗಡಿ. ಮಾವನವರು ಮೋಟರ್ ವೈಂಡಿಂಗ್ ಮಾಡುತ್ತ ಶುರು ಮಾಡಿದ್ದು. ನಮ್ಮವರ ಕಾಲಕ್ಕೆ ಸಂಪು, ಓವರ್‌ಹೆಡ್ ಟ್ಯಾಂಕು ತೊಳೆಯುವ ಕೆಲಸ ಸೇರಿಕೊಂಡು, ಈಗ ಅದೇ ದೊಡ್ಡದಾಗಿದೆ. ಹುಡುಗರು ಪ್ರೆಶರ್ ಗನ್, ಮಡ್ ಪಂಪು ಹೊತ್ತುಕೊಂಡು ಹೊರಗೆ ಹೋಗುತ್ತಾರೆ. ಬಿಲ್ಲು ಬಾಬತ್ತು ಮೈದುನ ನೋಡುತ್ತಾನೆ. ಫೋನು ಎತ್ತುವವಳು ನಾನು. ಯುಗಾದಿಗೆ ಮುಂಚೆ, ದಸರೆಗೆ ನೆಂಟರು ಬರುವ ಮುಂಚೆ, ಗೃಹಪ್ರವೇಶದ ಸೀಸನ್ನಿನಲ್ಲಿ ಫೋನು ಕೆಳಗಿಡುವುದಕ್ಕೆ ಪುರುಸೊತ್ತಿರುವುದಿಲ್ಲ. ಕೇಳುವವರೆಲ್ಲ ಕೇಳುವುದು ಅದೇ ನಾಲ್ಕೈದು ಮಾತು: ಎಷ್ಟಾಗುತ್ತೆ, ಎಷ್ಟೊತ್ತು ಹಿಡಿಯುತ್ತೆ, ಇರೋ ನೀರು ಚೆಲ್ಲಬೇಕಾ, ನಾಳೆ ಬರ್ತೀರಾ. ಕೆಲವರು ಮಾತ್ರ, ಅದೂ ಹೆಚ್ಚಾಗಿ ವಯಸ್ಸಾದ ಹೆಂಗಸರು, ದನಿ ತಗ್ಗಿಸಿ ಇನ್ನೊಂದು ಕೇಳುತ್ತಾರೆ. “ಒಳಗೆ ಇಳಿಯೋರು ಕಾಲು ತೊಳ್ಕೊಂಡು ಇಳೀತಾರಾ ಅಮ್ಮ?”

ಕೊರೋನಾ ಕಳೆದ ಮೇಲೆ ಮೈದುನ ಒಂದು ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ ಗೊತ್ತುಮಾಡಿದ. ತಿಂಗಳಿಗಿಷ್ಟು ಎಂದು ಪ್ಯಾಕೇಜು, ಮೂರು ತಿಂಗಳಲ್ಲಿ ಗೂಗಲ್ ಫಸ್ಟ್ ಪೇಜ್ ಗ್ಯಾರಂಟಿ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು, ಕೊಡುತ್ತೇವೆ ಅನ್ನುವವರಿಂದ ದೂರವಿರಿ ಎಂದು ಗೂಗಲ್ಲೇ ತನ್ನ ಮಾರ್ಗಸೂಚಿಯಲ್ಲಿ ಬರೆದಿಟ್ಟಿದೆ. ಅದು ಕಣ್ಣಿಗೆ ಬಿದ್ದದ್ದು ಎಷ್ಟೋ ಕಾಲದ ಮೇಲೆ. ಅವರು ಸುಳ್ಳು ಹೇಳಿದರು ಅಂತಲೂ ಅಲ್ಲ, ಫಸ್ಟ್ ಪೇಜ್ ಬಂತು. ಕರೆಗಳೂ ಬಂದವು. ಪ್ರತಿ ತಿಂಗಳು ಬಣ್ಣಬಣ್ಣದ ಗೆರೆಗಳ ರಿಪೋರ್ಟು ಬರುತ್ತಿತ್ತು, ಗೆರೆಗಳೆಲ್ಲ ಮೇಲಕ್ಕೆ ಹೋಗುತ್ತಿದ್ದವು.

ಯಾರ ಕರೆಗಳು ಅನ್ನುವುದು ಆ ರಿಪೋರ್ಟಿನಲ್ಲಿ ಇರುತ್ತಿರಲಿಲ್ಲ. ಅದು ಗೊತ್ತಾಗುತ್ತಿದ್ದದ್ದು ಫೋನು ಎತ್ತುವವಳಿಗೆ.

ಮೈಸೂರಿನಲ್ಲಿ ಹೆಬ್ಬಾಳ ಇದೆ, ಕೈಗಾರಿಕಾ ಪ್ರದೇಶ ಇರುವ ಕಡೆ. ಬೆಂಗಳೂರಿನಲ್ಲೂ ಹೆಬ್ಬಾಳ ಇದೆ. ಹಾಗೇ ಜೆ.ಪಿ. ನಗರ ಎರಡೂ ಕಡೆ, ವಿಜಯನಗರ ಎರಡೂ ಕಡೆ, ಜಯನಗರ ಎರಡೂ ಕಡೆ. ಏಜೆನ್ಸಿಯಲ್ಲಿ ಕೂತು ಪುಟ ಹೊಸೆದವರಿಗೆ ಈ ವ್ಯತ್ಯಾಸ ಯಾಕೆ ಬೇಕು? ನಮ್ಮ ಹೆಬ್ಬಾಳದ ಪುಟದಲ್ಲಿ “ಹೆಬ್ಬಾಳ ಫ್ಲೈಓವರ್ ಸಮೀಪ ತ್ವರಿತ ಸೇವೆ” ಎಂದು ಹಾಕಿಬಿಟ್ಟಿದ್ದರು. ಅಲ್ಲಿಂದ ಶುರುವಾಯಿತು.

“ಮೇಡಂ, ಹೆಬ್ಬಾಳದಲ್ಲಿ ನಿಮ್ಮ ಆಫೀಸ್ ಎಲ್ಲಿ ಬರುತ್ತೆ?”

“ನೀವೆಲ್ಲಿಂದ ಸರ್ ಮಾತಾಡ್ತಿರೋದು?”

“ಇಲ್ಲೇ, ಏರ್‌ಪೋರ್ಟ್ ರೋಡು.”

“ನಮ್ದು ಮೈಸೂರು ಸರ್.”

“ಮತ್ತೆ ಹೆಬ್ಬಾಳ ಅಂತ ಯಾಕೆ ಹಾಕಿದೀರಾ?”

ಸುಮಾರು 150 ಕಿ.ಮೀ. ದೂರದವರಿಗೆ ಇದನ್ನು ದಿನಾ ವಿವರಿಸಬೇಕು. ಕೆಲವರು ನಕ್ಕು ಇಟ್ಟುಬಿಡುತ್ತಿದ್ದರು. ಕೆಲವರು ಬೈದು ಇಡುತ್ತಿದ್ದರು. ಅಷ್ಟರಲ್ಲಿ ಆ ಕಡೆ ಚಾಮುಂಡಿಪುರಂನಿಂದ ನಿಜವಾದ ಗಿರಾಕಿಯೊಬ್ಬರು ಮಾಡಿದ ಕರೆ ಮಿಸ್ಡ್ ಕಾಲ್ ಆಗಿರುತ್ತಿತ್ತು. ವಾಪಸ್ ಮಾಡಿದರೆ, “ಬೇರೆಯವರಿಗೆ ಹೇಳಿದ್ವಿ ಮೇಡಂ” ಅನ್ನುತ್ತಿದ್ದರು.

ಇದನ್ನಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದೆ ಹೋದದ್ದು ಸೆಪ್ಟಿಕ್ ಟ್ಯಾಂಕಿನ ವಿಷಯ.

ಏಜೆನ್ಸಿಯವರ ಲೆಕ್ಕದಲ್ಲಿ ‘ಟ್ಯಾಂಕ್ ಕ್ಲೀನಿಂಗ್’ ಎಂದು ಹುಡುಕುವವರಲ್ಲಿ ಒಂದು ಪಾಲು ಸೆಪ್ಟಿಕ್ ಟ್ಯಾಂಕಿನವರು. ಆ ಹುಡುಕಾಟವನ್ನು ಯಾಕೆ ಬಿಡಬೇಕು ಎಂದು ಅವರು ನಮ್ಮನ್ನು ಒಂದು ಮಾತೂ ಕೇಳದೆ ‘ಮೈಸೂರಿನಲ್ಲಿ ಸೆಪ್ಟಿಕ್ ಟ್ಯಾಂಕ್ ಕ್ಲೀನಿಂಗ್’, ‘ಪಿಟ್ ಕ್ಲೀನಿಂಗ್’ ಎಂದು ಸಾಲು ಸಾಲು ಪುಟ ಸೇರಿಸಿದ್ದರು. ನಾವು ಆ ಕೆಲಸ ಮಾಡುವುದಿಲ್ಲ. ಅದಕ್ಕೆ ಸಕ್ಕಿಂಗ್ ಗಾಡಿಗಳಿವೆ. ಮನುಷ್ಯರಿಂದ ಮಲ ಬಾಚಿಸುವುದನ್ನು, ರಕ್ಷಣೆಯಿಲ್ಲದೆ ಅವರನ್ನು ಗುಂಡಿಗೆ ಇಳಿಸುವುದನ್ನು ನಿಷೇಧಿಸಿ 2013ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಆದರೂ ಜನ ಫೋನು ಮಾಡಿ, “ಗಾಡಿ ನಮ್ಮ ಸಂದಿಗೆ ಬರಲ್ಲ, ಇಬ್ಬರು ಹುಡುಗರನ್ನ ಕಳಿಸಿ, ಇಳಿದು ಮಾಡ್ಕೊಡ್ಲಿ, ದುಡ್ಡು ಎಷ್ಟಾದ್ರೂ ಆಗ್ಲಿ” ಅನ್ನುತ್ತಿದ್ದರು. ಆಗಲ್ಲ ಅಂದರೆ, “ನಿಮ್ಮ ಸೈಟಲ್ಲೇ ಇದೆಯಲ್ಲ ಮೇಡಂ!”

ಒಮ್ಮೆ ಒಬ್ಬರು ನಮ್ಮ ಹುಡುಗನನ್ನು ಸಂಪಿಗೆಂದೇ ಕರೆಸಿಕೊಂಡು, ಕೆಲಸ ಮುಗಿದ ಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ ಪಿಟ್ಟಿನ ಕಲ್ಲು ತೋರಿಸಿ, ಇದನ್ನೂ ಮುಗಿಸು ಅಂದಿದ್ದಾರೆ. ಅವನು ಅಂಗಡಿಗೆ ಬಂದು ಏನೂ ಹೇಳಲಿಲ್ಲ. ಪೈಪು ಸುತ್ತಿಟ್ಟು ಹೋದ. ಮಾರನೇ ದಿನ ಇನ್ನೊಬ್ಬನ ಬಾಯಿಂದ ಗೊತ್ತಾಯಿತು. “ಅಕ್ಕ, ಅವನ್ನ ನೋಡಿದ ತಕ್ಷಣ ಅದೇ ಕೆಲಸದೋನು ಅಂದ್ಕೊಂಡ್ರಂತೆ.” ಯಾರನ್ನು ಯಾವ ಕೆಲಸಕ್ಕೆ ಕರೆಯುತ್ತಾರೆ, ಯಾಕೆ ಹಾಗೆ ಅಂದುಕೊಳ್ಳುತ್ತಾರೆ ಅನ್ನುವುದು ನಮ್ಮ ಊರಿನಲ್ಲಿ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಎಲ್ಲೋ ಕೂತವರಿಗೆ ಅದೊಂದು ಕೀವರ್ಡು. ಅದರ ಕೆಳಗೆ ತಲೆ ತಗ್ಗಿಸಿ ನಿಂತವನು ನಮ್ಮ ಹುಡುಗ.

ಅದೇ ಪುಟಗಳು ನಮ್ಮ ಖಾಯಂ ಗಿರಾಕಿಗಳ ಕಣ್ಣಿಗೂ ಬಿದ್ದವು. ಜಯಲಕ್ಷ್ಮೀಪುರಂನ ಒಬ್ಬರು, ಮಾವನ ಕಾಲದಿಂದ ನಮ್ಮಲ್ಲೇ ಮಾಡಿಸುವವರು, ಫೋನಿನಲ್ಲಿ ತಡೆತಡೆದು ಕೇಳಿದರು: “ಪಿಟ್ಟಿಗೆ ಹಾಕೋ ಪೈಪು, ಬ್ರಷ್ಷನ್ನೇ ನಮ್ಮ ಸಂಪಿಗೂ ಹಾಕ್ತೀರಾ?” ಇಲ್ಲ ಅಂದೆ. ಅವರು ಸರಿ ಅಂದರು. ಆ ವರ್ಷ ಅವರ ಕೆಲಸ ನಮಗೆ ಬರಲಿಲ್ಲ.

ಇದಾದ ಮೇಲೆ ಬಂದದ್ದು 2024ರ ಮಾರ್ಚ್. ಮಳೆ ಕೈಕೊಟ್ಟ ವರ್ಷ ಕಳೆದು, ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಿದ್ದ ಬೇಸಿಗೆ. ಆ ಜೆ.ಪಿ. ನಗರ, ಆ ವಿಜಯನಗರದವರೆಲ್ಲ ನಮಗೆ ಕರೆ ಮಾಡತೊಡಗಿದರು, ತೊಳೆಯುವುದಕ್ಕಲ್ಲ, ಟ್ಯಾಂಕರ್ ನೀರಿಗೆ. ‘ವಾಟರ್ ಟ್ಯಾಂಕ್’ ಜೊತೆಗೆ ‘ವಾಟರ್ ಟ್ಯಾಂಕರ್’ ಕೂಡ ಎಲ್ಲೋ ತುರುಕಿದ್ದರು. ಮನೆಯಲ್ಲಿ ಹನಿ ನೀರಿಲ್ಲದೆ ಕರೆ ಮಾಡಿದವರಿಗೆ ಇಲ್ಲ ಅನ್ನುವುದು ಬೇರೆಯದೇ ಕಷ್ಟ. ಒಬ್ಬಾಕೆ ಬಾಣಂತಿ, ಮಗುವಿನ ಅಳು ಇತ್ತ ಕೇಳಿಸುತ್ತಿತ್ತು. “ಇಲ್ಲ ಅಂದ್ಮೇಲೆ ಯಾಕೆ ಹಾಕ್ತೀರಾ ಮೇಡಂ?” ಅಂದಳು. ಕೋಪ ಕೂಡ ಇರಲಿಲ್ಲ ಅವಳ ದನಿಯಲ್ಲಿ.

ಅದೇ ತಿಂಗಳ 5ನೇ ತಾರೀಖು ಗೂಗಲ್ ತನ್ನ ಹುಡುಕಾಟದಲ್ಲಿ ದೊಡ್ಡದೊಂದು ಬದಲಾವಣೆ ಶುರು ಮಾಡಿತ್ತು. ಸ್ಪ್ಯಾಮ್ ತಡೆಯುವ ಭಾಗ ಮಾರ್ಚ್ 20ಕ್ಕೆ ಮುಗಿಯಿತು, ಮಿಕ್ಕ ಬದಲಾವಣೆ ಏಪ್ರಿಲ್ 19ರವರೆಗೂ ನಡೆಯಿತು. ಅವತ್ತು ಹೊಸದಾಗಿ ಬರೆದುಕೊಂಡ ನಿಯಮಗಳಲ್ಲಿ ಒಂದು, ಓದುಗರಿಗೆ ಉಪಯೋಗವಿಲ್ಲದೆ ಹುಡುಕಾಟದಲ್ಲಿ ಮೇಲೆ ಬರುವುದಕ್ಕೆಂದೇ ರಾಶಿ ರಾಶಿಯಾಗಿ ಹೊಸೆದ ಪುಟಗಳ ಬಗ್ಗೆ. ಯಂತ್ರ ಬರೆದಿರಲಿ, ಮನುಷ್ಯ ಬರೆದಿರಲಿ ಒಂದೇ. ಬಡಾವಣೆಗೊಂದು ಪುಟ ಮಾಡಿ ಎಲ್ಲರನ್ನೂ ಒಂದೇ ಫೋನ್ ನಂಬರಿಗೆ ತಳ್ಳುವುದಕ್ಕೆ ‘ಡೋರ್‌ವೇ’ ಅನ್ನುತ್ತಾರೆ. ಅದರ ಮೇಲಿನ ನಿಷೇಧ ಇನ್ನೂ ಹಳೆಯದು, 2015ರಲ್ಲೇ ಬಿಗಿ ಮಾಡಿದ್ದರು. ಅದಕ್ಕೂ ಹಿಂದೆ, 2006ರ ಫೆಬ್ರವರಿಯಲ್ಲಿ, ಬಿಎಂಡಬ್ಲ್ಯು ಕಾರು ಕಂಪನಿಯ ಜರ್ಮನ್ ವೆಬ್‌ಸೈಟನ್ನೇ ಇದೇ ಕಾರಣಕ್ಕೆ ಗೂಗಲ್ ತನ್ನ ಪಟ್ಟಿಯಿಂದ ಕಿತ್ತುಹಾಕಿತ್ತು. ಇದನ್ನು ಓದಿ ಹೇಳಿದಾಗ ನಮ್ಮವರು, “ಅವರಿಗೇ ಹಂಗೆ ಮಾಡಿದ್ರಾ!” ಎಂದು ಸ್ವಲ್ಪ ಸಮಾಧಾನಪಟ್ಟುಕೊಂಡರು. ಬಿಎಂಡಬ್ಲ್ಯುಗೆ ಕೆಲವೇ ದಿನಗಳಲ್ಲಿ ವಾಪಸು ಜಾಗ ಸಿಕ್ಕಿತ್ತು ಎಂಬುದನ್ನು ನಾನು ಆಮೇಲೆ ಹೇಳಿದೆ.

ನಮ್ಮ ಪುಟಗಳು ಒಂದೊಂದಾಗಿ ಕೆಳಗಿಳಿದವು. ಮೊದಲು ದೂರದ ಊರುಗಳವು, ಆಮೇಲೆ ರಿಂಗ್ ರಸ್ತೆ ಆಚೆಯವು, ಕೊನೆಗೆ ಅಗ್ರಹಾರದಲ್ಲೇ ನಿಂತು ಹುಡುಕಿದರೂ ನಾವಿಲ್ಲ. ಯುಗಾದಿ ಹತ್ತಿರ ಬಂದರೂ ಫೋನು ಮೇಜಿನ ಮೇಲೆ ಸುಮ್ಮನೆ ಕೂತಿತ್ತು. ಚಾರ್ಜು ಮುಗಿದಿದೆಯೇನೋ ಎಂದು ನಾನು ಎತ್ತೆತ್ತಿ ನೋಡುತ್ತಿದ್ದೆ.

ಅದರ ಬೆನ್ನಿಗೇ ಗೂಗಲ್ ನಕ್ಷೆಯ ಮೇಲಿನ ನಮ್ಮ ಪಿನ್ ಮಾಯವಾಯಿತು. ವೆಬ್‌ಸೈಟು ಹೋದದ್ದಕ್ಕಿಂತ ನೂರು ಪಾಲು ಹೆಚ್ಚಿನ ಪೆಟ್ಟು ಇದು. ಟ್ಯಾಂಕು ತೊಳೆಯುವವರನ್ನು ಹುಡುಕುವವರು ವೆಬ್‌ಸೈಟ್ ಓದುತ್ತ ಕೂರುವುದಿಲ್ಲ. ನಕ್ಷೆ ಕಾಣುತ್ತದೆ, ಮೂರು ಅಂಗಡಿ ಕಾಣುತ್ತವೆ, ನಕ್ಷತ್ರ ನೋಡಿ ಕರೆ ಒತ್ತುತ್ತಾರೆ. ಅಲ್ಲಿ ಅಂಗಡಿಯ ಬೋರ್ಡಿನ ಮೇಲೆ ಏನಿದೆಯೋ ಅದೇ ಹೆಸರು ಇರಬೇಕು ಎಂಬುದು ನಿಯಮ. ಏಜೆನ್ಸಿಯವರು ಮಾವನವರಿಟ್ಟ ಹೆಸರಿನ ಬಾಲಕ್ಕೆ ‘ಬೆಸ್ಟ್ ಸಂಪ್ ಕ್ಲೀನಿಂಗ್ ಟ್ಯಾಂಕ್ ಕ್ಲೀನಿಂಗ್ ಮೋಟರ್ ರಿಪೇರಿ ಮೈಸೂರು ನಿಯರ್ ಮಿ’ ಎಂದು ಕಟ್ಟಿದ್ದರು. ಸಾಲದ್ದಕ್ಕೆ ಊರ ತುಂಬ ಬ್ರಾಂಚುಗಳನ್ನೂ ಹುಟ್ಟಿಸಿದ್ದರು. ಅದರಲ್ಲೊಂದು ಮೇಟಗಳ್ಳಿಯಲ್ಲಿ ನಮ್ಮಲ್ಲಿ ಕೆಲಸ ಮಾಡುವ ಹುಡುಗನ ಮನೆ. ಯಾರೋ ಸ್ಕೂಟರಿನಲ್ಲಿ ಹೋಗಿ ಬಾಗಿಲು ಬಡಿದು, “ಆಫೀಸ್ ಇದೇನಾ?” ಎಂದು ಅವನ ತಾಯಿಯನ್ನು ಕೇಳಿದರಂತೆ. ಆಕೆಗೆ ಮಗ ಏನೋ ಸಾಲ ಮಾಡಿಕೊಂಡಿದ್ದಾನೆ, ವಸೂಲಿಗೆ ಬಂದಿದ್ದಾರೆ ಅನ್ನಿಸಿ, ರಾತ್ರಿ ಅವನು ಬರುವವರೆಗೂ ಬಾಗಿಲು ಹಾಕಿಕೊಂಡು ಕೂತಿದ್ದರು.

ಪಿನ್ ಹೋದ ಮೇಲೆ ಯಾದವಗಿರಿಯ ಒಬ್ಬ ನಿವೃತ್ತ ಮೇಷ್ಟ್ರು ಅಂಗಡಿ ಹುಡುಕಿಕೊಂಡು ಆಟೋದಲ್ಲಿ ಬಂದರು. ಅವರಿಗೆ ನಂಬರು ಬರೆದಿಟ್ಟುಕೊಳ್ಳುವ ಅಭ್ಯಾಸವಿಲ್ಲ, ಪ್ರತಿ ಸಲ ಫೋನಿನಲ್ಲಿ ನಮ್ಮ ಹೆಸರು ಹೇಳಿ ಕರೆ ಮಾಡುತ್ತಿದ್ದವರು. ಶಟರ್ ತೆಗೆದಿರುವುದನ್ನು ನೋಡಿ, “ಮುಚ್ಚಿಬಿಟ್ರಿ ಅಂದ್ಕೊಂಡೆನಲ್ಲಮ್ಮ” ಅಂದರು. ಎಷ್ಟು ಜನ ಹಾಗೆ ಅಂದುಕೊಂಡು ಆಟೋ ಹತ್ತದೆ ಉಳಿದರೋ. ಆ ಬೇಸಿಗೆ ಹುಡುಗರಲ್ಲಿ ಒಬ್ಬ ಕೇಟರಿಂಗ್ ಕೆಲಸಕ್ಕೆ ಹೋದ. ಇನ್ನೊಬ್ಬನಿಗೆ ನಾವೇ ಬೇರೆ ಕಡೆ ನೋಡಿಕೋ ಅಂದೆವು. ಪ್ರೆಶರ್ ಮಶೀನಿನ ಕಂತು ಕಟ್ಟಲು ನನ್ನ ಬಳೆ ಬ್ಯಾಂಕಿಗೆ ಹೋಯಿತು.

ಏಜೆನ್ಸಿಯವರು ಕೈಬಿಟ್ಟು ಓಡಲಿಲ್ಲ, ಅದೇ ತೊಂದರೆ. ಈಗ ‘ರಿಕವರಿ ಪ್ಯಾಕೇಜ್’ ಬೇಕು ಅಂದರು. ಇನ್ನಷ್ಟು ಪುಟ, ಇನ್ನಷ್ಟು ಬ್ಯಾಕ್‌ಲಿಂಕ್, ಇನ್ನಷ್ಟು ರಿವ್ಯೂ. ಬೇಡ ಅಂದಾಗ ಗೊತ್ತಾಯಿತು, ವೆಬ್‌ಸೈಟಿನ ಡೊಮೇನ್ ಹೆಸರೇ ಅವರ ಖಾತೆಯಲ್ಲಿದೆ, ನಕ್ಷೆಯ ಪ್ರೊಫೈಲಿನ ಯಜಮಾನಿಕೆಯೂ ಅವರ ಇಮೇಲಿಗೇ ಇದೆ. ಮಾವನವರ ಹೆಸರಿನ ಅಂಗಡಿ, ಬೀಗದ ಕೈ ಬೇರೆಯವರ ಜೇಬಿನಲ್ಲಿ. ವಾಟ್ಸಾಪ್ ಮೆಸೇಜಿಗೆ ನೀಲಿ ಟಿಕ್ ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಬಾಕಿ ಎಂದು ಅವರು ಹೇಳಿದ್ದನ್ನೆಲ್ಲ ಕಟ್ಟಿದ ಮೇಲೆ ವರ್ಗಾವಣೆಯ ಕೋಡು ಬಂತು.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿದ್ದಾಳೆ. ಶನಿವಾರ ಬಂದವಳು ಲ್ಯಾಪ್‌ಟಾಪ್ ತೆಗೆದು ಒಳಗಿನದನ್ನೆಲ್ಲ ಬಿಚ್ಚಿ ತೋರಿಸಿದಳು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಊರುಗಳ ಹೆಸರಿನ ಉದ್ದದ ಪಟ್ಟಿ. ನಮಗೆ ನಾವೇ ಕೊಟ್ಟುಕೊಂಡ ಐದು ನಕ್ಷತ್ರವನ್ನು ಹುಡುಕಾಟದಲ್ಲಿ ತೋರಿಸಲು ಹಾಕಿದ ಕೋಡು. ಸ್ಥಳೀಯ ಅಂಗಡಿಗಳ ಇಂಥ ಸ್ವಯಂ ನಕ್ಷತ್ರಗಳನ್ನು ತೋರಿಸುವುದನ್ನು ಗೂಗಲ್ 2019ರಲ್ಲೇ ನಿಲ್ಲಿಸಿದೆ. ಪ್ರತಿ ಪುಟದ ತಲೆಯಲ್ಲಿ ‘ಮೆಟಾ ಕೀವರ್ಡ್ಸ್’ ಎಂಬ ಪಟ್ಟಿ. ಅದನ್ನು ರ್‍ಯಾಂಕಿಂಗಿಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು 2009ರ ಸೆಪ್ಟೆಂಬರಿನಲ್ಲಿ ಅವರೇ ಪ್ರಕಟಿಸಿದ್ದಾರಂತೆ. ಬಿಲ್ಲುಗಳನ್ನು ತೆಗೆದು ನೋಡಿದೆ. ‘ಮೆಟಾ ಕೀವರ್ಡ್ ಆಪ್ಟಿಮೈಸೇಶನ್’ ಎಂದು ಪ್ರತಿ ತಿಂಗಳೂ ಒಂದು ಸಾಲು ಇತ್ತು. ಅಷ್ಟು ಕಷ್ಟದಲ್ಲೂ ನಗು ಬಂತು.

ಅವಳು ಹೇಳಿದ ಒಂದು ವಿಷಯ ನಮ್ಮಂಥವರಿಗೆ ಗೊತ್ತಿರಬೇಕಾದ್ದು. ಸರ್ಚ್ ಕನ್ಸೋಲ್ ಎಂದು ಗೂಗಲ್ಲಿನದೇ ಉಚಿತ ಸಲಕರಣೆ ಇದೆ. ಮನುಷ್ಯರು ಪರಿಶೀಲಿಸಿ ಶಿಕ್ಷೆ ಹಾಕಿದ್ದರೆ ಅದರಲ್ಲಿ ‘ಮ್ಯಾನುಯಲ್ ಆ್ಯಕ್ಷನ್’ ಎಂದು ನೋಟಿಸು ಇರುತ್ತದೆ. ತಪ್ಪು ತಿದ್ದಿ, ಮರುಪರಿಶೀಲಿಸಿ ಎಂದು ಅರ್ಜಿ ಹಾಕಬಹುದು. ನಮ್ಮದರಲ್ಲಿ ನೋಟಿಸಿರಲಿಲ್ಲ. ಅಂದರೆ ಯಂತ್ರವೇ ನಮ್ಮನ್ನು ಕೆಳಗೆ ಹಾಕಿದೆ, ಅರ್ಜಿ ಹಾಕಲು ಕಿಟಕಿಯೇ ಇಲ್ಲ. ಸರಿಮಾಡಿ ಕಾಯಬೇಕು, ತಿಂಗಳುಗಟ್ಟಲೆ. ಬ್ಯಾಕ್‌ಲಿಂಕುಗಳ ಗತಿ? ಯಾವ ಯಾವುದೋ ದೇಶದ ಜೂಜಿನ ಸೈಟುಗಳಿಂದ, ಬೂಟು ಮಾರುವ ಸೈಟುಗಳಿಂದ ನಮ್ಮ ಸಂಪಿಗೆ ಕೊಂಡಿ ಹಾಕಿಸಿದ್ದರು. ಅವನ್ನು ತಿರಸ್ಕರಿಸುವ ಡಿಸ್‌ಅವೋ ಎಂಬ ಸಲಕರಣೆ 2012ರಿಂದ ಇದೆ, ಅದಕ್ಕೆಂದು ಬೇರೆ ಶುಲ್ಕ ಕೊಡಿ ಎಂದು ಏಜೆನ್ಸಿ ಕೇಳಿತ್ತು. ನೋಟಿಸಿಲ್ಲದವರು ಅದನ್ನು ಮುಟ್ಟುವ ಅಗತ್ಯ ಸಾಮಾನ್ಯವಾಗಿ ಇಲ್ಲ, ಅಂಥ ಕೊಂಡಿಗಳನ್ನು ಯಂತ್ರ ಹೆಚ್ಚಾಗಿ ತಾನೇ ಕಡೆಗಣಿಸುತ್ತದೆ. ಬಿಟ್ಟೆವು.

ಪುಟಗಳನ್ನು ಮಾತ್ರ ತೆಗೆದೆವು. ನೂರಾರು. ಎಲ್ಲವನ್ನೂ ಮೊದಲ ಪುಟಕ್ಕೆ ತಿರುಗಿಸಿಬಿಟ್ಟರಾಯಿತಲ್ಲ ಎಂದು ಮೈದುನ ಕೇಳಿದ. ಸಂಬಂಧವಿಲ್ಲದ ಕಡೆಗೆ ರಾಶಿಯಾಗಿ ತಿರುಗಿಸಿದರೆ ಅದೂ ಇಲ್ಲದ ಪುಟ ಎಂದೇ ಲೆಕ್ಕ, ಸುಮ್ಮನೆ ಅಳಿಸುವುದೇ ವಾಸಿ ಎಂದಳು ಹುಡುಗಿ. ಸೆಪ್ಟಿಕ್ ಟ್ಯಾಂಕಿನ ಪುಟಗಳನ್ನು ಅಳಿಸುವಾಗ ಗುಂಡಿ ಒತ್ತುವ ಕೆಲಸ ನಾನು ಮಾಡುತ್ತೇನೆ ಎಂದು ಕೇಳಿ ಮಾಡಿದೆ.

ಆಗ ನಮ್ಮವರು ಇನ್ನೊಂದು ಕೊನೆಗೆ ಹೋದರು. ಹೆದರಿಕೆ. ಎಲ್ಲಿಯೂ ‘ಸಂಪ್ ಕ್ಲೀನಿಂಗ್’ ಅನ್ನುವುದೇ ಬೇಡ, ‘ಮೈಸೂರು’ ಕೂಡ ಬೇಡ, ಮತ್ತೆ ಶಿಕ್ಷೆ ಬಿದ್ದೀತು ಅಂದರು. ಸಂಪು ತೊಳೆಯುವವರು ಸಂಪು ಅನ್ನದೆ ಏನನ್ನಬೇಕು? ಪುಟದ ತಲೆಬರಹದಲ್ಲಿ ‘ಮೈಸೂರಿನಲ್ಲಿ ಸಂಪು, ಓವರ್‌ಹೆಡ್ ಟ್ಯಾಂಕ್ ಸ್ವಚ್ಛತೆ’ ಎಂದು ಒಂದು ಸಲ ಇರುವುದು ಬೇಕೇ ಬೇಕು. ಫೋನಿನಲ್ಲಿ ಒಬ್ಬರಿಗೆ ಹೇಳುವಾಗ ಎಷ್ಟು ಸಲ ಹೇಳುತ್ತೇನೋ ಅಷ್ಟು ಸಲ ಬರೆಯುತ್ತೇನೆ ಅಂದೆ. ಅದೇ ಅಳತೆಯಾಯಿತು.

ನನ್ನ ಹತ್ತಿರ ಕರೆ ಬರೆದುಕೊಳ್ಳುವ ಉದ್ದನೆಯ ಪುಸ್ತಕಗಳಿವೆ. ಹೆಸರು, ಬಡಾವಣೆ, ಎಷ್ಟು ಲೀಟರಿನ ಟ್ಯಾಂಕು, ಏನು ಕೇಳಿದರು. ಅದನ್ನು ಮುಂದಿಟ್ಟುಕೊಂಡು ಬರೆಯಲು ಕೂತೆ. ಸಾವಿರ ಲೀಟರಿನ ಸಿಂಟೆಕ್ಸಿಗೆ ಎಷ್ಟು, ಐದು ಸಾವಿರದ ಸಂಪಿಗೆ ಎಷ್ಟು, ಹತ್ತು ಸಾವಿರ ದಾಟಿದರೆ ಯಾಕೆ ಬಂದು ನೋಡಿಯೇ ಹೇಳಬೇಕು. ದರ ಹಾಕಿದರೆ ಪಕ್ಕದ ಅಂಗಡಿಯವರಿಗೆ ಗೊತ್ತಾಗುತ್ತದೆ ಎಂದು ಮೈದುನ ಗೊಣಗಿದ. ಅವರಿಗೆ ಆಗಲೇ ಗೊತ್ತಿದೆ. ಕಾರ್ಪೊರೇಷನ್ ನೀರು ದಿನ ಬಿಟ್ಟು ದಿನ ಬರುವ ಬೀದಿಯವರು ನೀರು ಬಿಡುವ ದಿನ ಬೆಳಿಗ್ಗೆಗೆ ಬುಕ್ ಮಾಡಬೇಡಿ, ಹಿಂದಿನ ದಿನ ಸಂಜೆಗೆ ಮಾಡಿ. ಅಷ್ಟೊತ್ತಿಗೆ ಸಂಪು ತಾನೇ ಖಾಲಿಯಾಗಿರುತ್ತದೆ, ಚೆಲ್ಲುವ ನೀರು ಕಡಿಮೆ, ತೊಳೆದ ಸಂಪಿಗೆ ಬೆಳಿಗ್ಗೆ ಹೊಸ ನೀರು ಬೀಳುತ್ತದೆ. ನಾವು ಬರುವ ಮುಂಚೆ ಎರಡು ಬಕೆಟ್ ನೀರು ಹಿಡಿದಿಟ್ಟುಕೊಳ್ಳಿ. ಒಬ್ಬನೇ ಸಂಪಿಗೆ ಇಳಿಯುವುದಿಲ್ಲ, ಮೇಲೊಬ್ಬ ಇರಲೇಬೇಕು, ಮುಚ್ಚಳ ತೆಗೆದು ಗಾಳಿ ಆಡಲು ಬಿಟ್ಟ ಮೇಲೇ ಇಳಿಯುವುದು, ಅದಕ್ಕೇ ಇಬ್ಬರ ಕೂಲಿ. ತಳದಲ್ಲಿ ಮಣ್ಣು ಜಾಸ್ತಿ ಬರುತ್ತಿದ್ದರೆ ತೊಳೆಸಿ ಉಪಯೋಗವಿಲ್ಲ, ಗೋಡೆ ಬಿರುಕು ಬಿಟ್ಟಿದೆಯೇ ನೋಡಿ. ಕಾಲು ತೊಳೆದುಕೊಂಡು, ಬೇರೆ ರಬ್ಬರ್ ಬೂಟು ಹಾಕಿಕೊಂಡೇ ಇಳಿಯುತ್ತಾರೆ, ಬೂಟು ಕೂಡ ನಿಮ್ಮೆದುರಿಗೇ ತೊಳೆಯುತ್ತಾರೆ. ಇದನ್ನೂ ಬರೆದೆ. ಮತ್ತೆ, ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ: ಸೆಪ್ಟಿಕ್ ಟ್ಯಾಂಕು, ಪಿಟ್ಟು, ಚರಂಡಿ ಕೆಲಸ ನಾವು ಮಾಡುವುದಿಲ್ಲ. ಟ್ಯಾಂಕರ್ ನೀರು ಕೊಡುವುದಿಲ್ಲ. ಬೆಂಗಳೂರಿಗೆ ಬರುವುದಿಲ್ಲ.

ಬಡಾವಣೆಗಳ ಹೆಸರು ಈಗ ಒಂದೇ ಪ್ಯಾರಾದಲ್ಲಿವೆ, ಯಾವ ದಿನ ಯಾವ ದಿಕ್ಕಿಗೆ ಗಾಡಿ ಹೋಗುತ್ತದೆ ಎಂದು ಹೇಳುವುದಕ್ಕೆ. ನಕ್ಷೆಯ ಹುಡುಕಾಟ ನೋಡುವುದು ಮುಖ್ಯವಾಗಿ ಮೂರನ್ನು: ಕೇಳಿದ್ದಕ್ಕೂ ಅಂಗಡಿಗೂ ಸಂಬಂಧ ಇದೆಯೇ, ಎಷ್ಟು ದೂರ, ಎಷ್ಟು ಹೆಸರಾಗಿದೆ. ಬೋಗಾದಿಯಲ್ಲಿ ನಿಂತು ಹುಡುಕುವವರಿಗೆ ಬೋಗಾದಿಯ ಅಂಗಡಿ ಮೊದಲು ಕಂಡರೆ ಅದರಲ್ಲಿ ತಪ್ಪೇನು? ಎಷ್ಟು ಪುಟ ಬರೆದರೂ ಅಗ್ರಹಾರ ಎದ್ದು ಬೋಗಾದಿಗೆ ಹೋಗುವುದಿಲ್ಲ.

ಪಿನ್ ವಾಪಸು ಪಡೆಯುವುದಕ್ಕೆ ಮೊದಲು ಸುಳ್ಳು ಬ್ರಾಂಚುಗಳನ್ನೆಲ್ಲ ತೆಗೆಸಿ, ಹೆಸರನ್ನು ಬೋರ್ಡಿನಲ್ಲಿದ್ದಷ್ಟಕ್ಕೇ ಇಳಿಸಿ, ಮನವಿ ಸಲ್ಲಿಸಿದೆವು. ಜಿಎಸ್‌ಟಿ ಪತ್ರ, ಉದ್ದಿಮೆ ಪರವಾನಗಿ, ಕರೆಂಟ್ ಬಿಲ್ಲು. ಬಿಲ್ಲು ಇನ್ನೂ ಮಾವನವರ ಹೆಸರಿನಲ್ಲಿತ್ತು, ಅದಕ್ಕೊಂದಿಷ್ಟು ಓಡಾಟ. ಆಮೇಲೆ ವಿಡಿಯೋ ಬೇಕು ಅಂದರು: ಮಧ್ಯೆ ನಿಲ್ಲಿಸದೆ ಬೀದಿ ತೋರಿಸಬೇಕು, ಬೋರ್ಡು ತೋರಿಸಬೇಕು, ಅಂಗಡಿ ನಿಮ್ಮದೇ ಎಂದು ಗೊತ್ತಾಗುವಂತೆ ಬೀಗ ತೆಗೆದು ಒಳಗೆ ಹೋಗಿ ಸಲಕರಣೆ ತೋರಿಸಬೇಕು. ನಮ್ಮವರು ಮೊಬೈಲು ಹಿಡಿದು ಬೀದಿ ತುದಿಯಿಂದ ಹೊರಟರು. ಹೂವಿನವಳು ಅಡ್ಡ ಬಂದು, “ಏನಣ್ಣ, ಸಿನಿಮಾನಾ?” ಅಂದಳು. ಇನ್ನೊಮ್ಮೆ ಶಟರ್ ಮೇಲೇಳದೆ ಸಿಕ್ಕಿಹಾಕಿಕೊಂಡಿತು. ನಾಯಿಯೊಂದು ಬೊಗಳುತ್ತ ಅವರ ಹಿಂದೆಯೇ ಅಂಗಡಿಯೊಳಗೆ ಬಂತು. ನಾಯಿ ಇರುವ ವಿಡಿಯೋವನ್ನೇ ಕಳಿಸಿದೆವು. ಪಿನ್ ಬಂತು.

ನಕ್ಷತ್ರಗಳು ಎಲ್ಲವೂ ಬರಲಿಲ್ಲ. ಏಜೆನ್ಸಿ ದುಡ್ಡಿಗೆ ತಂದಿದ್ದ ರಿವ್ಯೂಗಳು ಹೋದವು, ಹೋಗಲಿ. ಮೈಸೂರನ್ನೇ ನೋಡದವರು ‘ಅಮೇಜಿಂಗ್ ಸರ್ವಿಸ್, ವೆರಿ ಪ್ರೊಫೆಷನಲ್’ ಎಂದು ಒಂದೇ ದಿನ ಸಾಲಾಗಿ ಬರೆದವು ಅವು. ಆನ್‌ಲೈನ್ ರಿವ್ಯೂಗಳು ಹೇಗಿರಬೇಕು ಎಂದು ನಮ್ಮ ದೇಶದ ಮಾನದಂಡ ಸಂಸ್ಥೆ ಬಿಐಎಸ್ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ತಂದಿದೆ, ಕೊಂಡು ತಂದ ಹೊಗಳಿಕೆಗೆ ಅದರಲ್ಲಿ ಜಾಗವಿಲ್ಲ. ಆದರೆ ಅವುಗಳ ಜೊತೆಗೆ ನಿಜವಾದ ಕೆಲವು ರಿವ್ಯೂಗಳೂ ಕಾಣೆಯಾದವು. ಮಾವನವರು ತೀರಿಕೊಂಡಾಗ ಕೃಷ್ಣಮೂರ್ತಿಪುರಂನ ಗಿರಾಕಿಯೊಬ್ಬರು ಅವರ ವೈಂಡಿಂಗ್ ಕೈಚಳಕದ ಬಗ್ಗೆ ನಾಲ್ಕು ಸಾಲು ಬರೆದಿದ್ದರು. ಅದು ಈಗಿಲ್ಲ. ಅದನ್ನು ನಾನು ಬೇರೆಲ್ಲೂ ಬರೆದಿಟ್ಟುಕೊಂಡಿರಲಿಲ್ಲ.

ಕರೆಗಳು ಮೊದಲಿನಷ್ಟು ಇಲ್ಲ. ಬಂದವರಲ್ಲಿ ಹೆಚ್ಚಿನವರು ದರ ಓದಿಕೊಂಡು, ನೀರು ಬಿಡುವ ದಿನ ನೋಡಿಕೊಂಡು, “ಗುರುವಾರ ಸಂಜೆ ಬನ್ನಿ” ಎಂದೇ ಶುರು ಮಾಡುತ್ತಾರೆ. ಕೇಟರಿಂಗಿಗೆ ಹೋದ ಹುಡುಗ ವಾಪಸು ಬಂದಿದ್ದಾನೆ, ಇನ್ನೊಬ್ಬ ಬರಲಿಲ್ಲ. ಬಳೆ ಬಿಡಿಸಿಕೊಂಡಿದ್ದೇನೆ. ಡೊಮೇನು, ಪ್ರೊಫೈಲು ಎರಡೂ ನನ್ನ ಇಮೇಲಿನಲ್ಲಿವೆ, ಪಾಸ್‌ವರ್ಡು ಕರೆ ಪುಸ್ತಕದಲ್ಲಿಲ್ಲ.

ಮೊನ್ನೆ ಇನ್ನೊಂದು ಕಡೆಯಿಂದ ಫೋನು ಬಂತು. ಈಗ ಜನ ಗೂಗಲ್ ಮಾಡುವುದಿಲ್ಲವಂತೆ, ಎಐಯನ್ನು ಕೇಳುತ್ತಾರಂತೆ, ಆ ಉತ್ತರದಲ್ಲಿ ನಮ್ಮ ಹೆಸರು ಮೊದಲು ಬರುವ ಹಾಗೆ ಮಾಡಿಕೊಡುತ್ತಾರಂತೆ. ಪುಟಗಳನ್ನೆಲ್ಲ ಅವರೇ ಬರೆದು ಹಾಕುತ್ತಾರೆ, ನಾವೇನೂ ಮಾಡಬೇಕಾಗಿಲ್ಲ. ಹುಡುಗ ಚೆನ್ನಾಗಿ ಮಾತಾಡಿದ.

“ನಮ್ಮ ಸೈಟ್ ನೋಡಿದೀಯೇನಪ್ಪ?” ಅಂದೆ.

“ನೋಡಿದೆ ಮೇಡಂ, ತುಂಬಾ ಪೊಟೆನ್ಷಿಯಲ್ ಇದೆ. ನಿಮ್ದು ಬಿಸಿನೆಸ್ ಏನ್ ಮೇಡಂ?”

“ಸಂಪು ತೊಳೀತೀವಿ. ನೀನಿರೋ ಕಡೆ ಸಂಪು ತೊಳೆಸಿ ಎಷ್ಟು ವರ್ಷ ಆಯ್ತು?”

ಸ್ವಲ್ಪ ಹೊತ್ತು ಸುಮ್ಮನಿದ್ದ. “ನಾನು ಪಿಜಿಲಿದೀನಿ ಮೇಡಂ, ಗೊತ್ತಿಲ್ಲ.”

“ಓನರ್‌ನ ಕೇಳಪ್ಪ” ಅಂದೆ. “ಎಲ್ಲಿದೆ ನಿನ್ನ ಪಿಜಿ?”

“ಹೆಬ್ಬಾಳ.”

ಯಾವ ಹೆಬ್ಬಾಳ ಎಂದು ಕೇಳಿ, ಪೆನ್ನು ತೆಗೆದುಕೊಂಡೆ.